ಕೊನೆಯ ಬೀಪಿಗೆ ಊರ ಗಡಿಯಾರ

ಕೀಲಿ ಕೊಡುವ ವಾಚು ದಿನಕ್ಕೆ ಅರ್ಧ ನಿಮಿಷ ಹಿಂದೆ ಬಿದ್ದರೂ ವಾರ ಕಳೆಯುವಷ್ಟರಲ್ಲಿ ಬೆಳಗಿನ ಬಸ್ಸು ತಪ್ಪುತ್ತದೆ. ಬೆಂಗಳೂರಿನ ಎಚ್‌ಎಂಟಿ 1961ರಿಂದ ಮಾಡಿ ಕೊಟ್ಟ ವಾಚುಗಳನ್ನು ಕಟ್ಟಿಕೊಂಡವರಿಗೆಲ್ಲ ಇದು ಗೊತ್ತು. ಅದಕ್ಕೇ ಆಕಾಶವಾಣಿಯ ವಾರ್ತೆಗೆ ಮುನ್ನ ಬರುತ್ತಿದ್ದ ಆ ಬೀಪ್ ಬೀಪ್ ಸದ್ದಿಗೆ ಅಷ್ಟೊಂದು ಬೆಲೆ. ನಮ್ಮಪ್ಪ ಸ್ಟೂಲು ಹತ್ತಿ, ಗೋಡೆ ಗಡಿಯಾರದ ಗಾಜಿನ ಬಾಗಿಲು ತೆಗೆದು, ದೊಡ್ಡ ಮುಳ್ಳಿಗೆ ಬೆರಳು ತಾಗಿಸಿ ನಿಲ್ಲುತ್ತಿದ್ದರು. ಆಗ ಮನೆಯಲ್ಲಿ ಯಾರೂ ಮಾತಾಡುವ ಹಾಗಿರಲಿಲ್ಲ. ಕೊನೆಯ ಬೀಪಿಗೆ ಮುಳ್ಳು ಸರಿಯುತ್ತಿತ್ತು. ಅದೇ ಗಳಿಗೆಗೆ ಎದುರು ಹೋಟೆಲಿನ ಗಲ್ಲಾದ ಮೇಲಿನ ಗಡಿಯಾರವೂ.

ಈ ಪದ್ಧತಿಗೆ ದೊಡ್ಡ ಹಾದಿ ಹಾಕಿಕೊಟ್ಟದ್ದು ಬಿಬಿಸಿ, 1924ರ ಫೆಬ್ರವರಿ 5ರಂದು. ಗ್ರೀನಿಚ್ ವೀಕ್ಷಣಾಲಯದ ಲೋಲಕದ ಗಡಿಯಾರಗಳಿಗೆ ವಿದ್ಯುತ್ ಸಂಪರ್ಕ ಕೊಟ್ಟು, ಆರು ಬೀಪುಗಳನ್ನು ಗಾಳಿಗೆ ಬಿಟ್ಟರು. ಆರನೆಯದರ ಆರಂಭವೇ ಗಂಟೆಯ ಆರಂಭ. ಕೇಳುವವರಿಗೆ ಗೊಂದಲವಾಗದಿರಲೆಂದು ಅದನ್ನು ಉದ್ದ ಮಾಡಿದ್ದು 1971ರ ಕೊನೆಗೆ.

ನಮ್ಮ ರೇಡಿಯೊದ ಗಂಟೆ ನಮ್ಮೂರ ಸೂರ್ಯನದಲ್ಲ. ಭಾರತದ ಸಮಯ ನಿಂತಿರುವುದು ಉತ್ತರಪ್ರದೇಶದ ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ರೇಖಾಂಶದ ಮೇಲೆ. ಮಂಗಳೂರಿನ ನೆತ್ತಿಗೆ ಸೂರ್ಯ ಬರುವುದು ಅಲ್ಲಿಗಿಂತ ಅರ್ಧ ಗಂಟೆ ತಡವಾಗಿ. ಆದರೂ ಕರಾವಳಿಯವರೂ ಬಯಲುಸೀಮೆಯವರೂ ಒಂದೇ ಸದ್ದಿಗೆ ಮುಳ್ಳು ತಿರುಗಿಸಿದರು. ಯಾರ ಜಬರದಸ್ತಿಯೂ ಇಲ್ಲದೆ ದಿನಾ ನಡೆದ ಆ ಒಪ್ಪಂದ ನನಗೆ ಇಂದಿಗೂ ದೊಡ್ಡದಾಗಿ ಕಾಣುತ್ತದೆ. ಗಡಿಯಾರವೇ ಇಲ್ಲದ ಮನೆಗೂ ಅದರಲ್ಲಿ ಪಾಲಿತ್ತು. ಪಕ್ಕದ ಮನೆಯ ರೇಡಿಯೊ ಕೇಳಿಸಿದರೆ ಸಾಕು, ಮಕ್ಕಳನ್ನು ಶಾಲೆಗೆ ಹೊರಡಿಸುತ್ತಿದ್ದರು.

ಮೀಡಿಯಂ ವೇವ್ ತರಂಗ ಮುನ್ನೂರು ಕಿಲೋಮೀಟರ್ ದಾಟಲು ಸೆಕೆಂಡಿನ ಸಾವಿರದಲ್ಲೊಂದು ಪಾಲು ಸಾಕು. ಹಾಗಾಗಿ ಕೇಂದ್ರದಿಂದ ಹೊರಟ ಬೀಪು ಹತ್ತಿರದವರಿಗೂ ದೂರದವರಿಗೂ ಒಟ್ಟಿಗೇ ಮುಟ್ಟುತ್ತಿತ್ತು. ಈಗ ಅದೇ ಆಕಾಶವಾಣಿಯನ್ನು ಮೊಬೈಲಿನ ಆ್ಯಪಿನಲ್ಲಿ ಹಾಕಿದರೆ ಸದ್ದು ಇಂಟರ್ನೆಟ್ಟಿನಲ್ಲಿ ತಂಗಿ ತಂಗಿ, ಹಲವು ಸೆಕೆಂಡು ತಡವಾಗಿ ಬರುತ್ತದೆ. ಒಂದೇ ಕೋಣೆಯ ಎರಡು ಫೋನುಗಳಲ್ಲೂ ಒಂದು ಮೊದಲು, ಇನ್ನೊಂದು ಆಮೇಲೆ. ಫೋನಿನ ಪರದೆಯ ಮೇಲಿನ ಸಮಯ ನಮ್ಮ ಹಳೆಯ ಗಡಿಯಾರಗಳಿಗಿಂತ ಎಷ್ಟೋ ಕರಾರುವಾಕ್ಕು, ನಿಜ. ಆದರೆ ಅದನ್ನು ಸರಿಪಡಿಸಲು ಯಾರೂ ಯಾರೊಂದಿಗೂ ಕಾಯಬೇಕಿಲ್ಲ, ಮತ್ತು ಆ ಕಾಯುವಿಕೆ ನನಗೆ ಬೇಕು ಅನ್ನಿಸುತ್ತದೆ.