ಬಾವಿಯಲ್ಲಿ ಕಾಲು ಪಾಲು

ಜಾಫ್ನಾದ ಹಳೆಯ ಆಸ್ತಿಪತ್ರಗಳಲ್ಲಿ ಮನೆ, ಹಿತ್ತಲಿನ ಜತೆಗೆ ಬಾವಿಯ ಪಾಲನ್ನೂ ಬರೆದಿರುತ್ತಾರೆ. ಇಂಥವರಿಗೆ ಕಾಲು ಪಾಲು, ಇಂಥವರಿಗೆ ಅರ್ಧ, ಬಾವಿಗೆ ಹೋಗಿಬರುವ ದಾರಿಯ ಹಕ್ಕು ಬೇರೆ. ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲದ ಆ ಸುಣ್ಣಕಲ್ಲಿನ ನೆಲದಲ್ಲಿ ಇದೇನೂ ಸಣ್ಣ ವಿಷಯವಲ್ಲ. ಯೇಸುವಿನ ಸೇವೆ ಮಾಡುತ್ತೇನೆಂದು ಆ ಊರಿಗೆ ಮರಳಿದ ನನ್ನ ಗೆಳೆಯನೊಬ್ಬನ ಬಹುಪಾಲು ಹೊತ್ತು ಈಗ ಈ ಕಾಲು, ಅರ್ಧಗಳ ಲೆಕ್ಕದಲ್ಲೇ ಕಳೆಯುತ್ತದೆ.

ಅವನ ಹೆಸರು ಬೇಡ, ಪಾದ್ರಿ ಅಂದರೆ ಸಾಕು. ಬೆಂಗಳೂರಿನಲ್ಲಿ ನಾವು ಕರೆಯುತ್ತಿದ್ದುದೂ ಹಾಗೆಯೇ. ಹುಟ್ಟಿದ್ದು ಜಾಫ್ನಾ ಪಟ್ಟಣದ ಉತ್ತರಕ್ಕಿರುವ ತೆಲ್ಲಿಪ್ಪಳೈಯಲ್ಲಿ. 1990ರಲ್ಲಿ ಶ್ರೀಲಂಕಾದ ಅಂತರ್ಯುದ್ಧ ಮತ್ತೆ ಹೊತ್ತಿಕೊಂಡಾಗ ಆ ಭಾಗವೆಲ್ಲ ಸೈನ್ಯದ ಹೈ ಸೆಕ್ಯುರಿಟಿ ಝೋನ್ ಆಯಿತು. ಆರು ವರ್ಷದ ಹುಡುಗ ರಾತ್ರಿ ದೋಣಿಯಲ್ಲಿ ರಾಮೇಶ್ವರದ ಕಡೆಗೆ ಬಂದು ಇಳಿದ, ಮಂಡಪಂ ಶಿಬಿರದಲ್ಲಿ ಹೆಸರು ಬರೆಸಿದ, ತಮಿಳುನಾಡಿನ ನಿರಾಶ್ರಿತರ ಶಿಬಿರದಲ್ಲೇ ಬೆಳೆದ. ಮುಂದೆ ದೇವಶಾಸ್ತ್ರ ಓದಲು ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿಗೆ ಬಂದಾಗ ನಮ್ಮ ಪರಿಚಯವಾಯಿತು. ನಮ್ಮ ಹೋಟೆಲುಗಳ ಸಿಹಿ ಸಾಂಬಾರನ್ನು ಕಡೆಯವರೆಗೂ ಕ್ಷಮಿಸಲಿಲ್ಲ ಪುಣ್ಯಾತ್ಮ. ಅವನಿಂದಲೇ ನನಗೆ ತಿಳಿದದ್ದು, ಮಂಗಳೂರಿನ ಬಾಸೆಲ್ ಮಿಶನ್ ಸಭೆಗಳು ಸೇರಿಕೊಂಡ ಅದೇ ಚರ್ಚ್ ಆಫ್ ಸೌತ್ ಇಂಡಿಯಾಕ್ಕೆ ಸಮುದ್ರದಾಚೆ ಜಾಫ್ನಾದಲ್ಲೂ ಒಂದು ಡಯಾಸಿಸ್ ಇದೆ ಎಂದು. 2009ರ ಮೇ ತಿಂಗಳಲ್ಲಿ ಯುದ್ಧ ಮುಗಿಯಿತು. ಓದು ಮುಗಿಸಿದವನು ವಾಪಸು ಹೊರಟೇ ಬಿಟ್ಟ.

ಮಿಶನ್ ಸೇವೆ ಎಂಬ ಮಾತು ಕೇಳಿದ ಕೂಡಲೇ ನಮ್ಮ ಕಡೆ ಹುಬ್ಬುಗಳು ಏರುತ್ತವೆ. ನನ್ನದೂ ಏರಿತ್ತು. ಆದರೆ ಜಾಫ್ನಾಕ್ಕೆ ಸುವಾರ್ತೆ ಹೊತ್ತು ಹೋಗುವುದೆಂದರೆ ಧಾರವಾಡಕ್ಕೆ ಪೇಢೆ ಪಾರ್ಸೆಲ್ ಕಳಿಸಿದ ಹಾಗೆ. ಅಮೆರಿಕದ ಮಿಶನರಿಗಳು ಅಲ್ಲಿಗೆ ಬಂದದ್ದು 1816ರಲ್ಲಿ. ಡೇನಿಯಲ್ ಪೂರ್ ಎಂಬಾತ ತೆಲ್ಲಿಪ್ಪಳೈಯಲ್ಲೇ ಶಾಲೆ ತೆರೆದ. 1823ರಲ್ಲಿ ವಟ್ಟುಕ್ಕೋಟ್ಟೈಯಲ್ಲಿ ಬಟ್ಟಿಕೋಟಾ ಸೆಮಿನರಿ, ಮರುವರ್ಷ ಉಡುವಿಲ್‌ನಲ್ಲಿ ಹೆಣ್ಣುಮಕ್ಕಳ ವಸತಿಶಾಲೆ. ಸ್ಯಾಮ್ಯುಯೆಲ್ ಗ್ರೀನ್ ಎಂಬ ಡಾಕ್ಟರು ಮಾನಿಪ್ಪಾಯಿಯಲ್ಲಿ ವೈದ್ಯಶಾಸ್ತ್ರವನ್ನು ತಮಿಳಿನಲ್ಲೇ ಕಲಿಸಿ, ಪುಸ್ತಕಗಳನ್ನೂ ತಮಿಳಿಗೆ ತಂದ. ಇನ್ನು ವೆಸ್ಲಿಯನ್ ಶಾಲೆಯಲ್ಲಿ ಓದಿದ ಆರುಮುಗ ನಾವಲರ್ ಅವರಂತೂ ಪೀಟರ್ ಪರ್ಸಿವಲ್ ಪಾದ್ರಿಯ ಜತೆ ಕೂತು ಬೈಬಲನ್ನು ತಮಿಳಿಗೆ ತರಲು ನೆರವಾಗಿ, ಆಮೇಲೆ ಅದೇ ಮಿಶನರಿಗಳಿಗೆ ಎದುರಾಗಿ ನಿಂತು ಶೈವ ಶಾಲೆ ಕಟ್ಟಿದರು, ಅಚ್ಚುಕೂಟ ಹಾಕಿದರು. ಇಷ್ಟೆಲ್ಲ ಕಂಡ ಊರಿಗೆ ಹೊಸದಾಗಿ ಯಾರು ಏನು ಉಪದೇಶ ಮಾಡಿಯಾರು?

ಅವನನ್ನು ನೋಡಲು ನಾನು ಚೆನ್ನೈಯಿಂದ ಸಣ್ಣ ವಿಮಾನದಲ್ಲಿ ಜಾಫ್ನಾ ಬಳಿಯ ಪಲಾಲಿಗೆ ಹೋದೆ. ಯುದ್ಧಕಾಲದಲ್ಲಿ ಸೈನ್ಯದ ನೆಲೆಯಾಗಿದ್ದ ಆ ನಿಲ್ದಾಣ 2019ರಲ್ಲಿ ಅಂತರರಾಷ್ಟ್ರೀಯ ನಿಲ್ದಾಣವಾಯಿತು. ಹೊರಗೆ ಕಾಯುತ್ತಿದ್ದ ಪಾದ್ರಿ ನಮಸ್ಕಾರಕ್ಕೂ ಮೊದಲು ಹೇಳಿದ್ದು: "ನೀನು ಇಳಿದೆಯಲ್ಲ, ಅದರ ಪಕ್ಕದಲ್ಲೇ ನಮ್ಮ ಮಾವನ ಈರುಳ್ಳಿ ಹೊಲ ಇತ್ತು." ನೆಲ ಕೆಂಪಗೆ, ಕೈಗೆ ಅಂಟುವಷ್ಟು ಕೆಂಪಗೆ. ಎಲ್ಲಿ ನೋಡಿದರೂ ತಾಟಿಮರ. ಯುದ್ಧದಲ್ಲಿ ಅವುಗಳನ್ನು ಬಂಕರುಗಳಿಗಾಗಿ ಸಾಲುಸಾಲಾಗಿ ಕಡಿದಿದ್ದರು. ಉಳಿದವುಗಳಲ್ಲಿ ಕೆಲವಕ್ಕೆ ಶೆಲ್ ತಗುಲಿ ತಲೆಯೇ ಇಲ್ಲ. ಸೈನ್ಯ ಬಿಟ್ಟುಕೊಟ್ಟ ಜಾಗಗಳಲ್ಲಿ ಮನೆಗಳಿಗೆ ಸೂರಿಲ್ಲ, ಬಾಗಿಲಿಲ್ಲ, ಕಿಟಕಿಯ ಚೌಕಟ್ಟೂ ಇಲ್ಲ. ಒಂದು ನಡುಮನೆಯಲ್ಲಿ ಅರಳಿಮರ ಗೋಡೆಗಿಂತ ಎತ್ತರ ಬೆಳೆದಿತ್ತು. ಆ ಮನೆಯವರು ಅದನ್ನು ಕಡಿಯಲು ಮನಸ್ಸು ಬಾರದೆ ಪಕ್ಕದಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಸಂಸಾರ ಮಾಡುತ್ತಿದ್ದರು.

ಪಾದ್ರಿ ಸೇವೆ ಮಾಡುವ ಚರ್ಚಿನ ಹಿಂದಿನ ಓಣಿಯಲ್ಲಿ ಒಬ್ಬ ಅಜ್ಜಿ. ಪಾದ್ರಿ ಮೊದಲ ಸಲ ಅವರ ಮನೆಗೆ ಹೋದಾಗ, ಇಂಥವರ ಮೊಮ್ಮಗ, ಸೇವೆಗೆ ಬಂದಿದ್ದೇನೆ ಎಂದು ಪರಿಚಯ ಹೇಳಿಕೊಂಡನಂತೆ. ಅಜ್ಜಿ ಚಹಾ ಕೊಟ್ಟು ಕೇಳಿದ್ದು ಒಂದೇ ಪ್ರಶ್ನೆ: "ಪಾಸ್‌ಪೋರ್ಟು ಯಾವ ದೇಶದ್ದು ತಂಬಿ?" ಯುದ್ಧ ಮುಗಿದ ಮೇಲೆ ಕೆನಡಾದಿಂದ, ನಾರ್ವೆಯಿಂದ ಊರಿನ ಮಕ್ಕಳು ಸಾಲಾಗಿ ಬಂದಿದ್ದರು. ಕಣ್ಣೀರಿಟ್ಟರು, ಫೋಟೋ ತೆಗೆದರು, ಪ್ರಾರ್ಥನೆ ಮಾಡಿದರು, ರಜೆ ಮುಗಿಯಿತು, ಹೋದರು. ಪಾದ್ರಿಯ ಬಳಿ ಶ್ರೀಲಂಕಾದ್ದು ಬಿಟ್ಟರೆ ಬೇರೆ ಪಾಸ್‌ಪೋರ್ಟು ಇಲ್ಲವೆಂದು ಖಾತ್ರಿಯಾದ ಮೇಲೆಯೂ ಅಜ್ಜಿ ಬಿಡಲಿಲ್ಲ. 1995ರ ಅಕ್ಟೋಬರ್ 30ರಂದು ಯುದ್ಧದ ನಡುವೆ ಊರಿಗೆ ಊರೇ ಎದ್ದು ಹೊರಟಾಗ, ಮಳೆಯಲ್ಲಿ ನಾವಟ್ಕುಳಿ ಸೇತುವೆ ದಾಟಲು ಲಕ್ಷಾಂತರ ಜನ ರಾತ್ರಿಯಿಡೀ ನಿಂತಿದ್ದಾಗ, ನೀನೆಲ್ಲಿದ್ದೆ ಎಂದು ಕೇಳಿದರು. ತಮಿಳುನಾಡಿನ ಶಾಲೆಯಲ್ಲಿದ್ದೆ ಎಂದ. "ಸರಿ, ಹಾಗಾದರೆ ಮೊದಲು ಕೂತು ಕೇಳು" ಎಂದರಂತೆ. ಇದು ನನಗೆ ಬಹಳ ಸರಿ ಅನ್ನಿಸಿತು. ಹುಟ್ಟಿದೂರು ಎಂಬ ಒಂದೇ ಹಕ್ಕಿನ ಮೇಲೆ ಯಾರೂ ಅಲ್ಲಿ ಬೋಧಕರಾಗಲಾರರು. ಉಳಿದುಕೊಂಡವರ ಮುಂದೆ ಬಿಟ್ಟುಹೋದವನು ವಿದ್ಯಾರ್ಥಿಯೇ.

ಮಾರನೆಯ ಬೆಳಿಗ್ಗೆ ಒಂದು ಬಾವಿಯ ಹೂಳೆತ್ತುವ ಕೆಲಸಕ್ಕೆ ನನ್ನನ್ನೂ ಕರೆದೊಯ್ದ. ಇಂಥ ಬಾವಿಗೆ ಸುಮ್ಮನೆ ಇಳಿಯುವ ಹಾಗಿಲ್ಲ. ಒಳಗೆ ಸಿಡಿಯದ ಶೆಲ್ಲು ಬಿದ್ದಿರಬಹುದು, ಅದಕ್ಕೆ ನೆಲಬಾಂಬು ತೆಗೆಯುವವರು ಬಂದು ನೋಡಿ ಹೂಂ ಅನ್ನಬೇಕು. ಅದೆಲ್ಲ ಆಗಿತ್ತು. ಇಬ್ಬರು ಹುಡುಗರು ಕೆಳಗೆ, ಮೇಲೆ ರಾಟೆ ಎಳೆಯಲು ನಾವು. ಬಕೆಟ್ಟಿನಲ್ಲಿ ಬಂದದ್ದು ಹೆಂಚಿನ ಚೂರು, ಬೇರು, ಕಪ್ಪು ರಾಡಿ, ತುಕ್ಕು ಹಿಡಿದ ಹೊಲಿಗೆ ಯಂತ್ರದ ಚಕ್ರ. ಚಕ್ರವನ್ನು ನೋಡಿದ್ದೇ ತಡ, ದಡದಲ್ಲಿದ್ದ ಹೆಂಗಸು ಓಡಿಬಂದು ಸೆರಗಿನಿಂದ ಒರೆಸಿ ನೋಡಿ, "ನಮ್ಮದಲ್ಲ" ಎಂದು ಪಕ್ಕಕ್ಕಿಟ್ಟರು. ಯಾರದಿದ್ದೀತು ಎಂದು ಆಮೇಲೆ ಅರ್ಧ ಗಂಟೆ ಚರ್ಚೆ.

ಆ ಬಾವಿಗೆ ಎರಡು ಮನೆಯ ಪಾಲು. ಒಂದು ಮನೆಯವರು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಜಾಫ್ನಾದಲ್ಲೇ ನಿರಾಶ್ರಿತರ ಶಿಬಿರದಲ್ಲಿದ್ದು, ತಮ್ಮ ಮನೆಗೆ ಕೆಲವೇ ಮೈಲಿ ದೂರದಲ್ಲಿ ಮಕ್ಕಳನ್ನು ಹೆತ್ತು ಸಾಕಿದವರು. ಇನ್ನೊಂದು ಮನೆಯವರು ಟೊರೊಂಟೊದಲ್ಲಿ. ಎರಡೂ ಕಡೆಯವರು ಹಣೆತುಂಬ ವಿಭೂತಿಯ ಶೈವರು. ಟೊರೊಂಟೊದವರು ಕಾಲು ಪಾಲನ್ನು ಬಿಡಲೊಲ್ಲರು. ಅಲ್ಲಿ ರಾತ್ರಿಯಾಗಿದ್ದರೂ ಪಾದ್ರಿ ವಿಡಿಯೋ ಕಾಲ್ ಹಚ್ಚಿದ. ಟೊರೊಂಟೊದ ಹೆಂಗಸು ಬಾವಿ ತೋರಿಸಿ ಎಂದರು, ಬಟ್ಟೆ ಒಗೆಯುವ ಕಲ್ಲು ತೋರಿಸಿ ಎಂದರು. ಕಲ್ಲು ಕಂಡ ಮೇಲೆ ಬಹಳ ಹೊತ್ತು ಮಾತಿಲ್ಲ. ಕಡೆಗೆ, "ನೀರು ಅವರೇ ಸೇದಿಕೊಳ್ಳಲಿ. ಪತ್ರದಲ್ಲಿ ಮಾತ್ರ ನಮ್ಮ ಹೆಸರು ಇರಲಿ." ಪಾದ್ರಿ ಫೋನು ಜೇಬಿಗಿಳಿಸಿ, ಬೆಂಗಳೂರು ಕಲಿಸಿದ ಕನ್ನಡದಲ್ಲಿ ನನಗೊಬ್ಬನಿಗೇ ಕೇಳುವಂತೆ, "ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡ್ರು" ಅಂದ.

ಇವರಲ್ಲಿ ಯಾರಾದರೂ ಚರ್ಚಿಗೆ ಬಂದಿದ್ದಾರೆಯೇ ಎಂದು ಕೇಳಿದೆ. "ಕ್ರಿಸ್‌ಮಸ್ ಕೇಕಿಗೆ ಬರ್ತಾರೆ. ಪೊಂಗಲಿಗೆ ನಾನು ಹೋಗ್ತೀನಿ." ಭಾನುವಾರದ ಆರಾಧನೆಯಲ್ಲಿ ಅರ್ಧ ಬೆಂಚುಗಳು ಖಾಲಿ. ಅದರ ಬಗ್ಗೆ ಅವನಿಗೆ ಬೇಸರವಿಲ್ಲ. ಬೇಸರವಿರುವುದು ಅಕ್ಕಿಮೂಟೆಯ ಜತೆಗೇ ಕರಪತ್ರ ಹಂಚುವವರ ಮೇಲೆ. ಗಂಡನೂ ಇಲ್ಲದ, ಮಗನ ಸುಳಿವೂ ಇಲ್ಲದ ಹೆಂಗಸಿನ ಮುಂದೆ ಮೂಟೆ ಇಳಿಸಿ, ಸಹಿ ಹಾಕಿಸಿಕೊಂಡ ಹಾಗೆ ಪ್ರಾರ್ಥನೆ ಹೇಳಿಸುವವರು ಆ ಕಡೆ ಓಡಾಡುತ್ತಾರೆ. ಶೈವರಿಗೆ ಅವರನ್ನು ಕಂಡರೆ ಸಿಟ್ಟು. ಆ ಸಿಟ್ಟಿಗೆ ಕಾರಣವಿದೆ ಎಂದು ನಾನೂ ಒಪ್ಪುತ್ತೇನೆ. ಎರಡು ಶತಮಾನದ ಹಿಂದೆ ಬಂದವರೂ ಮತಾಂತರದ ಆಸೆ ಇಟ್ಟುಕೊಂಡೇ ಬಂದವರು, ಅದರಲ್ಲಿ ಮುಚ್ಚುಮರೆ ಬೇಡ. ಆದರೆ ಅವರು ಬಿಟ್ಟುಹೋದ ಶಾಲೆ, ಆಸ್ಪತ್ರೆಗಳ ಬಾಗಿಲು ಒಳಗೆ ಬಂದವನ ಹಣೆ ನೋಡಿ ತೆರೆಯುವುದಿಲ್ಲ.

ಚೆನ್ನೈಯಿಂದ ಪಲಾಲಿಗೆ ಈಗ ಒಂದೂಕಾಲು ಗಂಟೆಯ ಹಾದಿ. ಹೋಗುವವರು ಹೋಗಿಬನ್ನಿ. ಮಕ್ಕಳಿಗೆ ಬಿಸ್ಕತ್ತು ಹಂಚಿ ಫೋಟೋ ತೆಗೆಯಬೇಡಿ. ಯುದ್ಧದಲ್ಲಿ ನಿಮ್ಮ ಮನೆಯಲ್ಲಿ ಯಾರು ಹೋದರು ಎಂದು ಬಾಯಿಬಿಟ್ಟು ಕೇಳಲೂ ಬೇಡಿ. ಈ ವರ್ಷ ಬಾವಿಯಲ್ಲಿ ನೀರು ಹೇಗಿದೆ ಎಂದು ಕೇಳಿ. ಅಲ್ಲಿಂದ ಮುಂದಿನದನ್ನು ಅವರೇ ಹೇಳುತ್ತಾರೆ. ಕೈಯಲ್ಲಿ ಒಂದು ಮಧ್ಯಾಹ್ನವಾದರೂ ಪೂರ್ತಿ ಬಿಡುವಿರಲಿ.