ಕಣಕಿಯ ಕೊಟ್ಟಿಗೆ, ಕಾಗದದ ನಕ್ಷತ್ರ

ಕ್ರೈಸ್ತ ಪ್ರಾಥಮಿಕ ಶಾಲೆಯ ಕರಕುಶಲ ತರಗತಿಯೆಂದರೆ ಡಿಸೆಂಬರಿನ ಗೋದಲಿ, ಕಾಗದದ ನಕ್ಷತ್ರ, ಹತ್ತಿಯಲ್ಲಿ ಮಾಡಿದ ಹಿಮ ಎಂಬ ಚಿತ್ರವೇ ಮೊದಲು ಮೂಡುವುದಾದರೂ, ಉತ್ತರ ಕರ್ನಾಟಕದ ಮಕ್ಕಳ ಕೈಗೆ ಕೆಲಸ ಸಿಗುವುದು ಅದಕ್ಕಿಂತ ಬಹಳ ಮೊದಲು, ಶಾಲೆ ತೆರೆದ ಕೆಲವೇ ವಾರಗಳಲ್ಲಿ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ. ವಿಜಯಪುರದ ಸೊಲ್ಲಾಪುರ ರಸ್ತೆಯ ಬಡಾವಣೆಯಲ್ಲಿ ಬೆಳೆದ ಮಗುವೂ ತಿಕೋಟಾ, ಬಬಲೇಶ್ವರದ ಕಡೆಯ ತೋಟದ ವಸ್ತಿಯಿಂದ ಬರುವ ಮಗುವೂ ಒಂದೇ ಬೆಂಚಿನಲ್ಲಿ ಕುಳಿತಾಗ, ಪುಸ್ತಕದ ಪಾಠದಲ್ಲಿ ಮೊದಲನೆಯದು ಮುಂದಿದ್ದರೂ ಮಣ್ಣು ಕಲಸುವುದರಲ್ಲಿ ಎರಡನೆಯದೇ ಗುರು. ಬರೀ ಎರೆಮಣ್ಣಿನಲ್ಲಿ ಮಾಡಿದ ಎತ್ತು ಒಣಗುತ್ತ ಕುಗ್ಗಿ ಸೀಳುಬಿಡುತ್ತದೆಂಬುದೂ, ಹುತ್ತದ ಮಣ್ಣನ್ನು ಹರಳು ತೆಗೆದು ನೆನೆಹಾಕಿ ನಾದಿದರೆ ಕೋಡು ಮುರಿಯದೆ ನಿಲ್ಲುತ್ತದೆಂಬುದೂ ಅದು ಮನೆಯಲ್ಲೇ ಕಲಿತು ಬಂದ ವಿದ್ಯೆ. ಈ ಭಾಗದ ಕ್ರೈಸ್ತ ಶಾಲೆಗಳ ಕಲಾಚಟುವಟಿಕೆಯನ್ನು ಅಳೆಯಬೇಕಾದದ್ದು ಈ ವಿದ್ಯೆಗೆ ಅಲ್ಲಿ ಎಷ್ಟು ಜಾಗವಿದೆ ಎಂಬುದರಿಂದಲೇ ಹೊರತು ಗೋಡೆಗೆ ಅಂಟಿಸಿದ ಬಣ್ಣದ ಹಾಳೆಗಳಿಂದಲ್ಲ.

ಚಿತ್ರ ಮತ್ತು ಕೈಕೆಲಸದ ಮೂಲಕ ಕಲಿಸುವುದು ಕ್ರೈಸ್ತ ಶಿಕ್ಷಣ ಪರಂಪರೆಗೆ ಹಳೆಯ ಮಾತು. ಮೊರೇವಿಯಾ ಸಭೆಯ ಬಿಷಪ್ ಕೊಮೇನಿಯಸ್ ಮಕ್ಕಳಿಗಾಗಿ ಸಿದ್ಧಪಡಿಸಿದ ಚಿತ್ರಸಹಿತ ಪಠ್ಯಪುಸ್ತಕ 1658ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚಾಯಿತು. ವಿಜಯಪುರದವರಿಗೆ ಕಾಲದ ಗುರುತು ಬೇಕಾದರೆ, ಗೋಲಗುಮ್ಮಟದಲ್ಲಿ ಮಲಗಿರುವ ಮಹಮ್ಮದ್ ಆದಿಲಶಾಹಿ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಪಾದ್ರಿಯೊಬ್ಬನ ಮಗನಾದ ಫ್ರೋಬೆಲ್ 1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬರ್ಗಿನಲ್ಲಿ ಆರಂಭಿಸಿ ಮುಂದೆ ಕಿಂಡರ್‌ಗಾರ್ಟನ್ ಎಂದು ಕರೆದ ಶಿಶುಶಾಲೆಯಲ್ಲಿ ಕಾಗದ ಮಡಿಸುವುದು, ಪಟ್ಟಿ ಹೆಣೆಯುವುದು, ಮಣ್ಣಿಗೆ ಆಕಾರ ಕೊಡುವುದು ಪಾಠವೇ ಆಗಿದ್ದವು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಧಾರವಾಡದಲ್ಲಿ ಕೆಲಸ ತೊಡಗಿದ್ದೂ ಅದೇ 1837ರಲ್ಲಿ. ಹತ್ತೊಂಬತ್ತನೆಯ ಶತಮಾನ ಮುಗಿಯುವುದರೊಳಗೆ ವಿಜಯಪುರಕ್ಕೂ ಬಂದ ಆ ಮಿಶನ್, ನೇಯ್ಗೆಯನ್ನೂ ಹೆಂಚಿನ ಕಾರ್ಖಾನೆಯನ್ನೂ ನಡೆಸಿದ ಸಂಸ್ಥೆಯಾದ್ದರಿಂದ, ದುಡಿಯುವ ಕೈಗೆ ಓದಿನಷ್ಟೇ ಮಾನ ಕೊಟ್ಟಿತೆಂದು ಹೇಳಬಹುದು.

ಕ್ರಿಸ್ಮಸ್ ನಕ್ಷತ್ರದ ಒಂದು ಬಗೆಗಂತೂ ಶಾಲೆಯ ತರಗತಿಯೇ ತವರುಮನೆ. ಜರ್ಮನಿಯ ನೀಸ್ಕಿ ಎಂಬಲ್ಲಿದ್ದ ಮೊರೇವಿಯಾ ಸಭೆಯ ಬಾಲಕರ ಶಾಲೆಯಲ್ಲಿ, 1830ರ ದಶಕದಲ್ಲಿ, ರೇಖಾಗಣಿತ ಕಲಿಸುವ ಸಲುವಾಗಿ ಹುಡುಗರ ಕೈಯಲ್ಲಿ ಹಲವು ಮೊನೆಗಳ ಕಾಗದದ ನಕ್ಷತ್ರವನ್ನು ಮಾಡಿಸಿದರೆಂದು ತಿಳಿದವರು ಹೇಳುತ್ತಾರೆ. ಇಲ್ಲಿ ರೂಢಿಯಲ್ಲಿರುವುದು ಬಿದಿರಿನ ಕಡ್ಡಿಯ ಐದು ಮೊನೆಯ ನಕ್ಷತ್ರ. ದೀಪಾವಳಿಗೆ ಆಕಾಶಬುಟ್ಟಿ ಕಟ್ಟಿದ ಮಗುವಿಗೆ ಅದರ ಕಡ್ಡಿ, ದಾರ, ತೆಳುಗಾಗದ, ಮೈದಾಹಿಟ್ಟಿನ ಅಂಟು ಯಾವುದನ್ನೂ ಹೊಸದಾಗಿ ಪರಿಚಯಿಸಬೇಕಾಗಿಲ್ಲ.

ಗೋದಲಿಯ ವಿಷಯ ಇನ್ನೂ ಸ್ವಾರಸ್ಯವಾದದ್ದು. ದನಕ್ಕೆ ಮೇವು ಹಾಕುವ ತೊಟ್ಟಿಯಲ್ಲಿ ಶಿಶುಯೇಸುವನ್ನು ಮಲಗಿಸಿದ ದೃಶ್ಯವನ್ನು ಕಟ್ಟುವ ಈ ಪದ್ಧತಿಗೆ, ಅಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ನಿಜವಾದ ಎತ್ತು, ಕತ್ತೆ, ಹುಲ್ಲುಗಳನ್ನಿಟ್ಟು ನಡೆಸಿದ ಆಚರಣೆ ಮೂಲವೆನ್ನುತ್ತಾರೆ. ಎತ್ತು, ಕುರಿಗಾಹಿ, ಬಡಿಗ, ಮೇವು ಇವಿಷ್ಟೇ ಅದರ ಸಾಮಗ್ರಿಯಾದ್ದರಿಂದ ವಿಜಯಪುರ ಜಿಲ್ಲೆಯ ಮಗುವಿಗೆ ಕಲ್ಪಿಸಿಕೊಳ್ಳಬೇಕಾದದ್ದು ಕಡಿಮೆ. ಕೊಟ್ಟಿಗೆಗೆ ಕಣಕಿಯೇ, ಅಂದರೆ ಒಣಗಿದ ಜೋಳದ ದಂಟೇ ಸಾಕು: ಡಿಸೆಂಬರಿನಲ್ಲಿ ಹಿಂಗಾರಿ ಜೋಳ ಇನ್ನೂ ಹೊಲದಲ್ಲಿ ಹಸುರಾಗಿ ನಿಂತಿರುವುದರಿಂದ ಹೋದ ವರ್ಷದ ಬಣವೆಯಿಂದ ಹಿರಿದು ತಂದ ದಂಟನ್ನು ಗೆಣ್ಣಿನಿಂದ ಗೆಣ್ಣಿಗೆ ತುಂಡರಿಸಿ, ಮೇಲಿನ ಸಿಬರನ್ನು ಉದ್ದಕ್ಕೆ ಸುಲಿದು, ಒಳಗಿನ ಮೆತ್ತನೆಯ ಬೆಂಡಿಗೆ ಅದೇ ಸಿಬರನ್ನು ಮೊಳೆಯಂತೆ ಚುಚ್ಚಿ ತುಂಡುಗಳನ್ನು ಜೋಡಿಸಿದರೆ ಅಂಟೂ ಬೇಡ, ಟಾಚಣಿಯೂ ಬೇಡ. ಹಳ್ಳಿಯ ಮಕ್ಕಳು ದಂಟಿನ ಬಂಡಿ, ದಂಟಿನ ಚಾಳೀಸು ಮಾಡುವುದೂ ಹೀಗೆಯೇ. ಸಿಬರಿನ ಅಂಚು ಬ್ಲೇಡಿನಷ್ಟು ಹರಿತವಾದ್ದರಿಂದ ಅದನ್ನು ಬೆರಳಿನಿಂದ ಆಚೆಗೆ ಸುಲಿಯುವುದನ್ನು ಮೊದಲು ಕಲಿಸಬೇಕಾಗುತ್ತದೆ. ಕೊಟ್ಟಿಗೆಯ ಮೇಲೆ ಹತ್ತಿಯ ಹಿಮ ಹರಡುವುದು ಮಾತ್ರ ಯುರೋಪಿನ ಶುಭಾಶಯ ಪತ್ರಗಳಿಂದ ಬಂದ ಚಾಳಿ. ಕಲ್ಲುಗುಡ್ಡ ಮತ್ತು ಕುರಿಗಳ ನಾಡಾದ ಬೆತ್ಲೆಹೇಮಿಗೆ ಅದಕ್ಕಿಂತ ಬಬಲೇಶ್ವರದ ಕಡೆಯ ಅಡವಿಯೇ ಹೆಚ್ಚು ಹತ್ತಿರ.

ಇಂಥ ಶಾಲೆಗಳಿಗೆ ಅನ್ಯಧರ್ಮೀಯರ ಮಕ್ಕಳೂ ಬರುವುದರಿಂದ ಗೋದಲಿಯ ಕೆಲಸಕ್ಕೆ ಇನ್ನೊಂದು ಮಗ್ಗುಲಿದೆ. ಅಲ್ಪಸಂಖ್ಯಾತರಿಗೆ ಶಿಕ್ಷಣಸಂಸ್ಥೆ ಸ್ಥಾಪಿಸಿ ನಡೆಸುವ ಹಕ್ಕನ್ನು ಸಂವಿಧಾನದ 30ನೆಯ ವಿಧಿ ಕೊಟ್ಟರೆ, ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗಾಗಲಿ ಪೂಜೆಗಾಗಲಿ ಕೂಡಿಸಬಾರದೆಂದು 28ನೆಯ ವಿಧಿ ಹೇಳುತ್ತದೆ. ಪ್ರಾರ್ಥನೆಯ ಹೊತ್ತಿಗೆ ಬೇರೆಯಾಗುವ ಮಕ್ಕಳು ದಂಟು ಸುಲಿಯುವ ಹೊತ್ತಿಗೆ ಒಂದಾಗುವುದನ್ನು ತಡೆಯುವ ವಿಧಿ ಯಾವುದೂ ಇಲ್ಲ. ಹೊಸ ಬೆಳೆಯ ಒಂದು ಪಾಲನ್ನು ಚರ್ಚಿಗೆ ತಂದೊಪ್ಪಿಸುವ ಸುಗ್ಗಿ ಹಬ್ಬವನ್ನು ಶಾಲೆಯ ಅಂಗಳಕ್ಕೆ ತಂದರೆ, ದ್ರಾಕ್ಷಿ ಪಡದ ಮನೆಯ ಮಗು ಒಣದ್ರಾಕ್ಷಿಯನ್ನೂ ಮತ್ತೊಂದು ಮಗು ಜೋಳವನ್ನೂ ಇನ್ನೊಂದು ಬರೀ ಒಂದು ಲಿಂಬಿಹಣ್ಣನ್ನೂ ತಂದು ಒಂದೇ ಬುಟ್ಟಿಗೆ ಹಾಕಬಹುದು. ಕ್ರಿಸ್ಮಸ್ಸಿನ ಆಚೀಚೆಯಲ್ಲೇ ಬರುವ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಬುತ್ತಿ ಹಂಚಿ ಉಂಡ ಮಕ್ಕಳಿಗೆ ಇದರ ಅರ್ಥವನ್ನು ಬಿಡಿಸಿ ಹೇಳುವ ಅಗತ್ಯ ಬೀಳಲಾರದು.

ಇಷ್ಟಿದ್ದೂ ಎಲ್ಲ ಬಗೆಯ ಶಾಲೆಗಳಲ್ಲಿ ಇಂದು ಗೆಲ್ಲುತ್ತಿರುವುದು ಸ್ಟೇಶನರಿ ಅಂಗಡಿಯ ಸಿದ್ಧ ಸಾಮಗ್ರಿ. ಪ್ರಾಜೆಕ್ಟ್ ಎಂಬ ಹೆಸರಿನಲ್ಲಿ ರಾತ್ರಿ ತಾಯಿ ಕತ್ತರಿಸುತ್ತಾಳೆ, ತಂದೆ ಅಂಟಿಸುತ್ತಾನೆ, ಬೆಳಿಗ್ಗೆ ಮಗು ಹೊತ್ತು ತರುತ್ತದೆ, ಪ್ರದರ್ಶನಕ್ಕೆ ಮುನ್ನ ಶಿಕ್ಷಕಿ ಅದನ್ನು ಮತ್ತೊಮ್ಮೆ ತಿದ್ದುತ್ತಾಳೆ. ಬಹುಮಾನ ಯಾರಿಗೆ ಸಲ್ಲಬೇಕೆಂದು ತೀರ್ಪುಗಾರರು ಯೋಚಿಸಿದಂತೆ ಕಾಣುವುದಿಲ್ಲ. ಸೊಟ್ಟ ಕೋಡಿನ ಎತ್ತು, ಒಂದು ಮೊನೆ ಗಿಡ್ಡವಾದ ನಕ್ಷತ್ರ ಮೇಜಿನ ಮೇಲೆ ಹಾಗೆಯೇ ಇರುವ ತರಗತಿಯೇ ಚೆನ್ನಾಗಿ ನಡೆಯುತ್ತಿರುವ ತರಗತಿ. ಬರುವ ಡಿಸೆಂಬರಿಗೆ ಮುಖ್ಯೋಪಾಧ್ಯಾಯರು ಅಂಗಡಿಯ ಪಟ್ಟಿಯ ಬದಲು ತಿಕೋಟಾ ಕಡೆಯ ಪಾಲಕರೊಬ್ಬರಿಗೆ ಒಂದು ಸಿವುಡು ಕಣಕಿ ಕಳಿಸಲು ಹೇಳಿ ನೋಡಬಹುದು. ಅಲಂಕಾರಕ್ಕೆ ಥರ್ಮೋಕೋಲ್ ಬಳಸುವುದಂತೂ 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ.