ಮೂರೂವರೆ ಗಂಟೆಯ ದಾರಿ

ದುಬೈಯಿಂದ ಮಂಗಳೂರಿಗೆ ಆಕಾಶಮಾರ್ಗದಲ್ಲಿ ಸುಮಾರು 2,460 ಕಿ.ಮೀ. ವಿಮಾನಕ್ಕೆ ಮೂರೂವರೆ ಗಂಟೆ ಸಾಕು. ಮಂಗಳೂರಿನಿಂದ ಬೆಂಗಳೂರಿಗೆ ಬಸ್ಸು ಹತ್ತಿದವರು ಅಷ್ಟು ಹೊತ್ತಿಗೆ ಶಿರಾಡಿ ಘಾಟಿ ದಾಟಿ ಸಕಲೇಶಪುರದಲ್ಲಿ ಚಹಾ ಕುಡಿಯುತ್ತಿರುತ್ತಾರೆ. ಈ ಲೆಕ್ಕ ಹೇಳಿಯೇ ನಾವಿಬ್ಬರು ಅಣ್ಣತಮ್ಮಂದಿರು ಉಮ್ಮನನ್ನು ಒಪ್ಪಿಸಿದ್ದು. ಏನಾದರೂ ಆದರೆ ಸಂಜೆಯೊಳಗೆ ಬಂದು ಮುಟ್ಟುತ್ತೇವೆ ಎಂದಿದ್ದೆವು.

ನಮಗಿಂತ ಮೊದಲು ಹೋದವರಿಗೆ ಹಾಗೆ ಹೇಳಲು ಬಾಯಿ ಬರುತ್ತಿರಲಿಲ್ಲ. ಬಜಪೆಯಿಂದ ಗಲ್ಫಿಗೆ ನೇರ ವಿಮಾನ ಶುರುವಾದದ್ದೇ 2006ರಲ್ಲಿ. ಅದಕ್ಕೂ ಮೊದಲು ಮುಂಬೈಗೆ ಬಸ್ಸು, 1998ರ ನಂತರ ಕೊಂಕಣ ರೈಲು, ಅಲ್ಲಿ ಟಿಕೆಟಿಗಾಗಿ ಕಾಯುವಿಕೆ. ನಮ್ಮ ಮಾಮನಿಗೆ ಅವರ ಉಮ್ಮನ ಸುದ್ದಿ ಪತ್ರದಲ್ಲಿ ತಲುಪಿತ್ತು.

2008ರ ಜುಲೈಯಲ್ಲಿ ಒಂದು ದಿನ ಬೆಳಗಿನ ಜಾವ ಭಾವನ ಫೋನು ಬಂತು. ಊರಲ್ಲಿ ಐದೂಕಾಲು, ನಮ್ಮಲ್ಲಿ ಮೂರೂಮುಕ್ಕಾಲು. ಬಾಪ ತೀರಿಕೊಂಡಿದ್ದರು. "ಮಯ್ಯತ್ ಇಡಬೇಕಾ? ನೀವು ಎಷ್ಟು ಹೊತ್ತಿಗೆ ಮುಟ್ಟುತ್ತೀರಿ?" ಎಂದು ಭಾವ ಕೇಳಿದರು. ನಾವು ಮತ್ತೆ ಫೋನು ಮಾಡುತ್ತೇವೆ ಎಂದೆವು.

ನಮ್ಮ ಪಾಸ್‌ಪೋರ್ಟ್ ಕಂಪೆನಿಯ ಕಪಾಟಿನಲ್ಲಿತ್ತು. ಹಾಗೆ ಇಟ್ಟುಕೊಳ್ಳುವುದು ಅಲ್ಲಿನ ಕಾನೂನಿಗೆ ವಿರುದ್ಧ. ಆದರೆ ಕಪಾಟಿನ ಎದುರು ನಿಂತ ಕೂಲಿಯಾಳಿಗೆ ಕಾನೂನು ಎಲ್ಲಿ ನೆನಪಾಗುತ್ತದೆ? ಆಫೀಸು ತೆರೆದದ್ದು ಒಂಬತ್ತಕ್ಕೆ. ಬೀಗದ ಕೈ ಇದ್ದವನು ಬಂದದ್ದು ಹನ್ನೊಂದಕ್ಕೆ. ರಜೆಯ ಕಾಗದಕ್ಕೆ ಇನ್ನೊಬ್ಬರ ಸಹಿ. ಕೊನೆಗೆ ಸಿಕ್ಕಿದ್ದು ರಾತ್ರಿ ಹನ್ನೊಂದರ ವಿಮಾನ, ಟಿಕೆಟಿನ ದುಡ್ಡು ಕೋಣೆಯವರೆಲ್ಲ ಸೇರಿ ಕೊಟ್ಟದ್ದು.

ಮಧ್ಯಾಹ್ನ ಭಾವನಿಗೆ ಫೋನು ಮಾಡಿ "ಕಾಯಬೇಡಿ, ದಫನ ಮಾಡಿಬಿಡಿ" ಎಂದೆವು. ಮಯ್ಯತನ್ನು ತಡಮಾಡಬಾರದು ಎಂಬುದು ನಮಗೂ ಗೊತ್ತು. ಆದರೂ ಆ ಮಾತನ್ನು ಯಾರು ಹೇಳಬೇಕೆಂದು ನಾವು ತುಂಬಾ ಹೊತ್ತು ಮುಖ ಮುಖ ನೋಡಿಕೊಂಡಿದ್ದೆವು. ಅಸರ್ ಆದ ಮೇಲೆ ದೇರಾದ ಮಸೀದಿಯೊಂದರಲ್ಲಿ ಊರಿನ ಏಳೆಂಟು ಮಂದಿ ಸೇರಿ ಗಾಯಿಬ್ ಮಯ್ಯತ್ ನಮಾಝ್ ಮಾಡಿದೆವು.

ವಿಮಾನ ಸಮಯಕ್ಕೆ ಸರಿಯಾಗಿ ಹೊರಟಿತು, ಸರಿಯಾಗಿ ಮುಟ್ಟಿತು. ಮೂರೂವರೆ ಗಂಟೆಯೇ. ಗುಡ್ಡದ ತಲೆ ಕಡಿದು ಮಾಡಿದ ಆ ರನ್‌ವೇಯ ಉದ್ದ 2,450 ಮೀಟರ್. ಅದರಾಚೆಗೆ ಕಮರಿ. ಮಳೆಯಲ್ಲಿ ಇಳಿಯುವಾಗ ನಮಗೇನೂ ಹೆದರಿಕೆಯಾಗಲಿಲ್ಲ. 2010ರ ಮೇ 22ರಂದು ದುಬೈಯಿಂದಲೇ ಬಂದ ವಿಮಾನ ಆ ಕಮರಿಗೆ ಬಿದ್ದು 158 ಮಂದಿ ಹೋದಾಗ ಮಾತ್ರ ಆ ರಾತ್ರಿ ಮತ್ತೆ ನೆನಪಾಯಿತು.

ಬಂಟ್ವಾಳ ದಾಟಿ ಮನೆ ಮುಟ್ಟುವಾಗ ಸುಬಹಿ ಮುಗಿದಿತ್ತು. ಮೊದಲು ಹೋದದ್ದು ಖಬರಸ್ತಾನಕ್ಕೆ. ಮಳೆಗೆ ಮಣ್ಣು ಸ್ವಲ್ಪ ಕುಸಿದಿತ್ತು, ಇಬ್ಬರೂ ಕೈಯಲ್ಲೇ ಎಳೆದು ಸರಿಮಾಡಿದೆವು.

ನಾವು ಕೊಟ್ಟ ಮಾತಿನ ಬಗ್ಗೆ ಉಮ್ಮ ಏನೂ ಕೇಳಲಿಲ್ಲ. ನೆರೆಮನೆಯಿಂದ ಬಂದ ಗಂಜಿ ಬಡಿಸುತ್ತಾ, "ವಿಮಾನದಲ್ಲಿ ಏನಾದರೂ ತಿಂದಿರಾ ಮಕ್ಕಳೇ?" ಎಂದರು.